ಮೂರೂ ಮುಕ್ಕಾಲಿಗೆ ಬಾ

ಶುಕ್ರವಾರ ಬೆಳಿಗ್ಗೆ ಹನ್ನೊಂದೂ ಕಾಲು. ಐದನೇ ತರಗತಿಯಲ್ಲಿ ವನಿತಾಳ ಕೈ ಮೇಲಿತ್ತು. ಅದು ಮೇಲಿರಬಾರದಿತ್ತು.

"ವನಿತಾ, ಕೈ ಕೆಳಗೆ," ಎಂದರು ಸರಳಾ ಮಿಸ್.

"ಮಿಸ್, ನಂಗೆ ಗೊತ್ತು ಮಿಸ್."

"ನಿನಗೆ ಗೊತ್ತು ಅನ್ನೋದು ನನಗೂ ಗೊತ್ತು. ಕೈ ಕೆಳಗೆ."

ವನಿತಾ ಕೈ ಇಳಿಸಿ, ಅದನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಹಾಗೆ ಮಾಡದಿದ್ದರೆ ಅದು ತಾನಾಗಿಯೇ ಮತ್ತೆ ಎದ್ದುಬಿಡುತ್ತಿತ್ತು.

ಮೇಜಿನ ಮೇಲೆ ಒಂದೊಂದು ಲೀಟರಿನ ಎರಡು ನೀರಿನ ಬಾಟಲಿಗಳಿದ್ದವು. ಒಂದು ಪೂರ್ತಿ ತುಂಬಿತ್ತು. ಇನ್ನೊಂದರ ಮೇಲೆ ಮಿಸ್ ನಾಲ್ಕು ಸಮಭಾಗ ಮಾಡಿ ಗೆರೆ ಎಳೆದು, ಮೂರನೇ ಗೆರೆಯವರೆಗೆ ನೀರು ಹಾಕಿದ್ದರು. ಒಟ್ಟು ಎಷ್ಟು ಲೀಟರ್ ಎಂಬುದು ಪ್ರಶ್ನೆ. ಒಂದೂ ಮುಕ್ಕಾಲು. ಇದಕ್ಕೆ ಯೋಚನೆ ಬೇರೆ ಮಾಡಬೇಕೇ?

ಮಿಸ್ ಖಾಲಿ ಹಾರ್ಲಿಕ್ಸ್ ಬಾಟಲಿಗೆ ಕೈ ಹಾಕಿದರು. ಅದರಲ್ಲಿ ಐಸ್‌ಕ್ರೀಮ್ ಕಡ್ಡಿಗಳಿದ್ದವು. ಒಂದೊಂದು ಕಡ್ಡಿಯ ಮೇಲೆ ಒಬ್ಬೊಬ್ಬರ ಹೆಸರು. ಯಾರ ಕಡ್ಡಿ ಬರುತ್ತದೋ ಅವರೇ ಉತ್ತರ ಹೇಳಬೇಕು.

"ಜೀಷಾನ್."

ಜೀಷಾನ್ ಎದ್ದು ನಿಂತ. ಬಾಟಲಿಗಳನ್ನು ನೋಡಿದ. ಅವನ ತುಟಿ ಅಲುಗಿತು. ಪಕ್ಕದ ಸಾಲಿನಲ್ಲಿದ್ದ ವನಿತಾಳಿಗೆ ಏನೋ "ದೋ" ಎಂದದ್ದು ಮಾತ್ರ ಕೇಳಿಸಿತು. ಮಿಸ್ ಕಾದರು. ಮೊದಲಾಗಿದ್ದರೆ ಇಷ್ಟು ಹೊತ್ತಿಗೆ "ನೆಕ್ಸ್ಟ್" ಎನ್ನುತ್ತಿದ್ದರು. ಈಗ ಸುಮ್ಮನೆ ನಿಂತು ಕಾಯುತ್ತಾರೆ.

"ಎರಡೂ ಮುಕ್ಕಾಲು ಮಿಸ್."

"ಇನ್ನೊಂದ್ ಲೀಟರ್ ಎಲ್ಲಿಂದ ತಂದೆ ಮಗಾ?" ಎಂದ ಹಿಂದಿನ ಬೆಂಚಿನ ನಿರಂಜನ್. "ಬೋರ್ ಹಾಕ್ಸಿದ್ಯಾ?"

ತರಗತಿ ನಕ್ಕಿತು. ಮಿಸ್ ನಗಲಿಲ್ಲ, ಬಯ್ಯಲೂ ಇಲ್ಲ. "ಎರಡೂ ಮುಕ್ಕಾಲು. ಅದು ನಿನಗೆ ಹೇಗೆ ಬಂತು, ಹೇಳು ನೋಡೋಣ," ಎಂದರು.

"ಹಂಗೇ ಬಂತು ಮಿಸ್."

"ಹಂಗೇ ಅಂದರೆ ಹೆಂಗೆ?"

ಜೀಷಾನ್ ತಲೆ ತಗ್ಗಿಸಿದ. ವನಿತಾ ನಿಟ್ಟುಸಿರು ಬಿಟ್ಟಳು. ಅದು ಮಿಸ್‌ಗೆ ಕೇಳಿಸಲಿ ಎಂದೇ ಬಿಟ್ಟಳು.

ಇದೆಲ್ಲ ಶುರುವಾದದ್ದು ರಿಸರ್ಚ್‌ನಿಂದ. ಸಿಸ್ಟರ್‌ಗಳೂ ಫಾದರ್‌ಗಳೂ ನಡೆಸುವ ಕೆಲವು ಶಾಲೆಗಳ ಟೀಚರ್‌ಗಳು ಸೇರಿ ಒಂದು ತೀರ್ಮಾನ ಮಾಡಿದ್ದರು. ಒಬ್ಬೊಬ್ಬರೂ ತಮ್ಮ ಪಾಠದ ಬಗ್ಗೆ ತಾವೇ ಒಂದು ಪ್ರಶ್ನೆ ಹಾಕಿಕೊಳ್ಳಬೇಕು. ಉತ್ತರವನ್ನು ತಮ್ಮ ತರಗತಿಯಲ್ಲೇ ಹುಡುಕಬೇಕು. ಆಮೇಲೆ ಮಿಕ್ಕವರು ಬಂದು ನೋಡುತ್ತಾರೆ.

ಸರಳಾ ಮಿಸ್ ಮೊದಲು ತಮ್ಮದೇ ಒಂದು ಪೀರಿಯಡ್ಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಮನೆಗೆ ಹೋಗಿ ಕೇಳಿದ್ದರು. ಮರುದಿನ ಬಂದು ಹೇಳಿದರು: "ಪೀರಿಯಡ್ ಪೂರ್ತಿ ನಾನೇ ಮಾತಾಡಿದ್ದೀನಿ. ನನ್ನ ಬಿಟ್ಟರೆ ವನಿತಾ. ಮಿಕ್ಕವರೆಲ್ಲ 'ಯೆಸ್ ಮಿಸ್' ಅಂದಿದ್ದೀರ, ಅಷ್ಟೇ."

ವನಿತಾ ಅದನ್ನು ಹೊಗಳಿಕೆ ಎಂದುಕೊಂಡು ನಕ್ಕಿದ್ದಳು. ಅದು ಹೊಗಳಿಕೆ ಆಗಿರಲಿಲ್ಲ. ಅವತ್ತಿನಿಂದಲೇ ಕೈ ಎತ್ತುವುದು ನಿಂತಿತು, ಐಸ್‌ಕ್ರೀಮ್ ಕಡ್ಡಿ ಬಂತು. ಬೋರ್ಡಿನ ಮೇಲಿನ ಶಿಲುಬೆಯ ಪಕ್ಕದಲ್ಲಿ ಒಂದು ಚಾರ್ಟೂ ಬಂತು. ಅದರಲ್ಲಿ ಮಿಸ್ ತಮ್ಮ ಪ್ರಶ್ನೆಯನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದರು: ತಪ್ಪು ಉತ್ತರ ಎಲ್ಲಿಂದ ಬರುತ್ತದೆ?

ಇದೂ ಒಂದು ಪ್ರಶ್ನೆಯೇ, ಎನಿಸಿತ್ತು ವನಿತಾಳಿಗೆ. ಓದದೆ ಇರುವವರಿಂದ ಬರುತ್ತದೆ.

ಪೀರಿಯಡ್ ಮುಗಿಯುವ ಮುಂಚೆ ಮಿಸ್ ಇನ್ನೊಂದು ಸುದ್ದಿ ಹೇಳಿದರು. ಮುಂದಿನ ಗುರುವಾರ ಯಶವಂತಪುರ, ಆರ್.ಟಿ. ನಗರ, ನಾಗಸಂದ್ರದ ಶಾಲೆಗಳಿಂದ ಟೀಚರ್‌ಗಳು ಈ ಪಾಠ ನೋಡಲು ಬರುತ್ತಾರೆ. ಅಷ್ಟರಲ್ಲಿ ಇಬ್ಬಿಬ್ಬರು ಸೇರಿ, ಕಾಲು, ಅರ್ಧ, ಮುಕ್ಕಾಲು ತೋರಿಸುವ ಒಂದು ಮಾಡೆಲ್ ಮಾಡಬೇಕು. ಒಬ್ಬರು ಉತ್ತರ ಹೇಳಿದರೆ, ಆ ಉತ್ತರ ಹೇಗೆ ಬಂತೆಂದು ಜೋಡಿಯವರು ಕೇಳಿ ತಿಳಿದು ಹೇಳಬೇಕು.

ವನಿತಾ ಫ್ಲೇವಿಯಾಳ ಕಡೆ ನೋಡಿದಳು. ಫ್ಲೇವಿಯಾ ಆಗಲೇ ಅವಳ ಕಡೆ ನೋಡುತ್ತಿದ್ದಳು. ಕ್ಲಾಸಿಗೆ ಅವರಿಬ್ಬರೇ ಫಸ್ಟ್ ಮತ್ತು ಸೆಕೆಂಡ್.

"ಫ್ಲೇವಿಯಾ, ನಿರಂಜನ್," ಎಂದು ಓದಿದರು ಮಿಸ್. "ವನಿತಾ, ಜೀಷಾನ್."

ಬೆಲ್ ಹೊಡೆದ ಕೂಡಲೇ ವನಿತಾ ಕಾರಿಡಾರಿನಲ್ಲಿ ಮಿಸ್‌ರ ಹಿಂದೆ ಓಡಿದಳು.

"ಮಿಸ್, ಪ್ಲೀಸ್ ಮಿಸ್. ಬೇರೆ ಯಾರನ್ನಾದ್ರೂ ಕೊಡಿ. ಅವ್ನ್ ಎಲ್ಲಾ ತಪ್ ಹೇಳ್ತಾನೆ. ಗುರುವಾರ ಎಲ್ಲರ ಮುಂದೆ ನನ್ ಮರ್ಯಾದೆ ಹೋಗುತ್ತೆ."

"ಅವನು ಯಾಕೆ ತಪ್ಪು ಹೇಳ್ತಾನೆ?"

"ಓದಲ್ಲ ಮಿಸ್, ಅದಕ್ಕೆ."

"ಅದು ಕಾರಣ ಅಲ್ಲ ವನಿತಾ. ಬೈಗುಳ," ಎಂದರು ಮಿಸ್. ಅವರ ಮುಖದಲ್ಲೂ ಸುಸ್ತಿತ್ತು. "ನನಗೂ ಗೊತ್ತಾಗ್ತಿಲ್ಲ. ಜೂನ್‌ನಲ್ಲಿ ಉರ್ದು ಶಾಲೆಯಿಂದ ಬಂದ ಹುಡುಗ. ಕೂಡೋದು ಕಳೆಯೋದು ಎಲ್ಲ ಸರಿ ಮಾಡ್ತಾನೆ. ಇಲ್ಲಿ ಬಂದು ಎಡವುತ್ತಾನೆ. ಒಂದು ಕೆಲಸ ಮಾಡು. ಅವನು ಯಾಕೆ ತಪ್ಪುತ್ತಾನೆ ಅನ್ನೋದನ್ನ ನೀನು ನನಗೆ ಹೇಳು. ಹೇಳಿದ ದಿನವೇ ನಿನ್ನನ್ನ ಫ್ಲೇವಿಯಾ ಪಕ್ಕ ಕೂರಿಸ್ತೀನಿ."

"ಪ್ರಾಮಿಸ್?"

"ಪ್ರಾಮಿಸ್."

ವನಿತಾ ನೇರವಾಗಿ ಜೀಷಾನ್‌ನ ಬೆಂಚಿಗೆ ಹೋದಳು.

"ನಾಳೆ ಗೇಟ್ ಹತ್ರ ಬಾ. ಮಾತೆ ಗವಿ ಪಕ್ಕ ಕಲ್ಲುಬೆಂಚಿದೆಯಲ್ಲ, ಅಲ್ಲಿ. ನಂಗೆ ಮಧ್ಯಾಹ್ನ ಅಬಾಕಸ್ ಕ್ಲಾಸ್ ಇರುತ್ತೆ. ಮೂರೂ ಮುಕ್ಕಾಲಿಗೆ ಬಾ."

"ಮೂರೂ ಮುಕ್ಕಾಲು," ಎಂದ ಜೀಷಾನ್. "ಬರ್ತೀನಿ. ಅಬ್ಬಾ ಅಂಗ್ಡೀಲಿ ಸೋಫಾ ಫೋಮ್ ಪೀಸ್ ಬಿದ್ದಿರುತ್ತೆ. ತರ್ತೀನಿ. ಕಟ್ ಮಾಡಿದ್ರೆ ಸೂಪರಾಗಿರುತ್ತೆ."

"ಲೇಟ್ ಮಾಡ್ಬೇಡ."

"ನಂಗೆ ವಾಚಿದೆ ಗುರು," ಎಂದು ಅವನು ಮಣಿಕಟ್ಟು ತೋರಿಸಿದ. ಹೊಸ ಡಿಜಿಟಲ್ ವಾಚು.

ಶನಿವಾರ ಅಬಾಕಸ್ ಕ್ಲಾಸ್ ಬಿಟ್ಟದ್ದೇ ವನಿತಾ ಬಿರಬಿರನೆ ನಡೆದು ಬಂದಳು. ಶಾಲೆ ಮಧ್ಯಾಹ್ನವೇ ಬಿಟ್ಟಿತ್ತು. ಗೇಟಿನೊಳಗೆ ಲೂರ್ದು ಮಾತೆಯ ಮೂರ್ತಿಯಿಟ್ಟ ಕಲ್ಲಿನ ಗವಿಯ ಮುಂದೆ ಯಾರೋ ಹಚ್ಚಿದ ಮೇಣದ ಬತ್ತಿ ಕರಗಿತ್ತು. ಕಲ್ಲುಬೆಂಚು ಖಾಲಿ.

ವಾಚ್‌ಮನ್ ಮುನಿಗಂಗಪ್ಪ ತಮ್ಮ ಗೂಡಿನಿಂದ ತಲೆ ಹೊರಗೆ ಹಾಕಿದರು.

"ಆ ಹುಡ್ಗನ್ನ ನೋಡ್ತಿದ್ದೀಯೇನವ್ವ? ಅವ್ನು ಬಂದ, ಕುಂತ, ಓದ."

ಬೇರೆ ಯಾರಾದರೂ ಆಗಿದ್ದರೆ, ಅವನು ಪುಸ್ತಕ ಓದಿದ ಎಂದುಕೊಳ್ಳುತ್ತಿದ್ದರು. ವನಿತಾಳ ಅಜ್ಜಿಯೂ ಮುನಿಗಂಗಪ್ಪನ ಹಾಗೇ ಮಾತಾಡುತ್ತಿದ್ದುದರಿಂದ ಅವಳಿಗೆ ಕೂಡಲೇ ತಿಳಿಯಿತು. ಓದ ಎಂದರೆ ಹೋದ.

"ಹೋಗ್ಬಿಟ್ನಾ?"

"ಊಂ ಕಣವ್ವ. ಬಿಸ್ಲಲ್ಲಿ ಎಷ್ಟೊತ್ತು ಕೂತಾನು? ಇದ್ನ ನಿಂಗೆ ಕೊಡು ಅಂತ ಕೊಟ್ಟ."

ಅದೊಂದು ದೊಡ್ಡ ಪ್ಲಾಸ್ಟಿಕ್ ಚೀಲ. ಒಳಗೆ ಹಳದಿ ಫೋಮಿನ ಉದ್ದುದ್ದ ತುಂಡುಗಳು. ಎಲ್ಲ ಒಂದೇ ಅಳತೆ.

ವನಿತಾಳಿಗೆ ಮೈಯೆಲ್ಲ ಉರಿಯಿತು. ಸಾಮಾನು ಕೊಟ್ಟು, ಕೆಲಸವನ್ನೆಲ್ಲ ತನ್ನ ತಲೆಗೆ ಕಟ್ಟಿ ಹೋಗಿದ್ದಾನೆ. ಅಬಾಕಸ್ ಬ್ಯಾಗು ಒಂದು ಭುಜಕ್ಕೆ, ಫೋಮಿನ ಚೀಲ ಇನ್ನೊಂದಕ್ಕೆ ಹಾಕಿಕೊಂಡು ಬ್ಯಾಟರಾಯನಪುರದ ಸಂದಿಗಳಲ್ಲಿ ಗೋಡೆಗೆ ತಗುಲಿಸಿಕೊಳ್ಳುತ್ತ ಮನೆಗೆ ಬಂದಳು.

"ಯಾಕವ್ವ, ಮುಖ ಇಂಗ್ ಮಾಡ್ಕಂಡಿದ್ದೀಯ?" ಎಂದು ಕೇಳಿದರು ಅಜ್ಜಿ ಮುನಿಕೆಂಪಮ್ಮ. ಅವರು ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

"ರಿಸರ್ಚ್ ಅಜ್ಜಿ."

"ಅದ್ಯಾವ್ ಕಾಯ್ಲೆ?"

ವನಿತಾ ಎಲ್ಲವನ್ನೂ ಹೇಳಿದಳು. ಕೈ ಎತ್ತಬಾರದು, ಕಡ್ಡಿ ಬರಬೇಕು, ತಪ್ಪು ಹೇಳಿದವರನ್ನು ಹೇಗೆ ಬಂತು ಎಂದು ಕೇಳಬೇಕು.

ಅಜ್ಜಿ ಕಾಯಿ ಬಿಡಿಸುವುದನ್ನು ನಿಲ್ಲಿಸಿದರು. "ಸರಿ ಏಳಿದ್ರೆ ಕೇಳಕಿಲ್ಲ, ತಪ್ಪೇಳಿದ್ರೆ ನಿಲ್ಲಿಸ್ಕಂಡು ಕೇಳ್ತಾರಾ? ಇದು ಆಗ ಇದ್ದಿದ್ರೆ ನಾನೂ ಇಸ್ಕೂಲಿಗೆ ಓಗ್ತಿದ್ದೆ ಬುಡು. ಕ್ಲಾಸಿಗೇ ಫಸ್ಟು ಬತ್ತಿದ್ದೆ."

ವನಿತಾಳಿಗೆ ನಗು ಬಂತು. ಆದರೆ ಆಗ ನಗುವ ಮನಸ್ಸಿರಲಿಲ್ಲ. ಕತ್ತರಿ ತಗೊಂಡು ಕೂತಳು. ಒಂದಿಷ್ಟು ತುಂಡುಗಳನ್ನು ಹಾಗೇ ಬಿಟ್ಟಳು, ಎರಡು ತುಂಡುಗಳನ್ನು ನಾಲ್ಕು ನಾಲ್ಕು ಭಾಗ ಮಾಡಿದಳು. ಫೋಮ್ ಕತ್ತರಿಗೆ ಸಿಕ್ಕದೆ ಜಾರುತ್ತಿತ್ತು. ಪ್ರತಿ ಸಲ ಜಾರಿದಾಗಲೂ ಜೀಷಾನ್‌ಗೆ ಮನಸ್ಸಿನಲ್ಲೇ ಒಂದು ಬೈದಳು.

ಸೋಮವಾರ ಪ್ರೇಯರ್ ಮುಗಿದು ಸಾಲು ಕದಲುವ ಮುಂಚೆಯೇ ಜಗಳ ಶುರುವಾಯಿತು. ಶುರು ಮಾಡಿದವನು ಜೀಷಾನ್.

"ಯಾಕ್ ಬರ್ಲಿಲ್ಲ ನೀನು?"

ವನಿತಾ ಸರ್ರನೆ ಅವನ ಕಡೆ ತಿರುಗಿದಳು. "ನಾನಾ? ನಾನಾ ಬರ್ಲಿಲ್ಲ? ನೀನೇ ಕಾಯದೆ ಹೋಗಿದ್ದು."

"ನಾನ್ ಎಷ್ಟೊತ್ತು ಕಾದೆ ಗೊತ್ತಾ? ತಲೆ ಸುಟ್ಟೋಯ್ತು. ವಾಚ್‌ಮನ್ ತಾತನ್ನ ಕೇಳು."

"ಮೂರೂ ಮುಕ್ಕಾಲು ಅಂತ ಹೇಳಿರ್ಲಿಲ್ವಾ?"

"ಮೂರೂ ಮುಕ್ಕಾಲಿಗೇ ಬಂದಿದ್ದೆ."

"ಸುಳ್ಳು. ನಾನು ಮೂರೂ ಮುಕ್ಕಾಲಿಗೆ ಅಲ್ಲೇ ಇದ್ದೆ."

"ನೀನೇ ಸುಳ್ಳಿ. ವಾಚ್ ನೋಡ್ಕೊಂಡೇ ಬಂದಿದ್ದೆ. ಅಲ್ಲಾ ಕಸಂ."

"ಮೂರೂ ಮುಕ್ಕಾಲಿಗೆ ನೀನಿರ್ಲಿಲ್ಲ."

"ಮೂರೂ ಮುಕ್ಕಾಲಿಗೆ ನೀನಿರ್ಲಿಲ್ಲ."

"ಸುಮ್ನಿರ್ರೋ," ಎಂದ ನಿರಂಜನ್. "ಇಬ್ರೂ ಮೂರೂ ಮುಕ್ಕಾಲಿಗೇ ಬಂದಿದ್ರೆ, ಮಧ್ಯ ಗೋಡೆ ಇತ್ತಾ?"

ಹೆಡ್ ಮಿಸ್ಟ್ರೆಸ್ ಸಿಸ್ಟರ್ ಐರಿನ್ ಮೆಟ್ಟಿಲ ಮೇಲಿಂದ ನೋಡಿದರು. ಜಗಳ ಅಲ್ಲಿಗೇ ನಿಂತಿತು. ಮುಗಿಯಲಿಲ್ಲ.

ಫ್ಲೇವಿಯಾ ಪಕ್ಕ ಕೂರಬೇಕೆಂದರೆ ಇರುವುದು ಒಂದೇ ದಾರಿ. ವನಿತಾ ಹಲ್ಲು ಕಚ್ಚಿಕೊಂಡು ಜೀಷಾನ್‌ನ ತಪ್ಪಿನ ಬೆನ್ನು ಹತ್ತಿದಳು. ಮಂಗಳವಾರ ಊಟದ ಹೊತ್ತಿನಲ್ಲಿ ಅವನ ಮುಂದೆ ಕೂತು ಫೋಮಿನ ತುಂಡುಗಳನ್ನು ಜೋಡಿಸಿದಳು.

"ಇದು ಎಷ್ಟು?"

"ಎರಡೂ ಕಾಲು." ಸರಿ.

"ಇದು?"

"ಮೂರೂವರೆ." ಸರಿ.

"ಇದು?" ಒಂದು ಪೂರ್ತಿ ತುಂಡು, ಮೂರು ಕಾಲು ತುಂಡು.

"ಎರಡೂ ಮುಕ್ಕಾಲು."

ಸಿಕ್ಕಿತು, ಎಂದುಕೊಂಡಳು ವನಿತಾ. ಕಾಲು ಸರಿ, ಅರ್ಧ ಸರಿ, ಮುಕ್ಕಾಲು ಬಂದರೆ ಮಾತ್ರ ಒಂದು ಜಾಸ್ತಿ. ಶುಕ್ರವಾರ ಅವನು "ದೋ" ಎಂದು ಗೊಣಗಿದ್ದೂ ನೆನಪಾಯಿತು. ದೋ ಎಂದರೆ ಎರಡು ಎಂದು ಅವಳಿಗೂ ಗೊತ್ತು. ಅಂದರೆ ಪೂರ್ತಿ ತುಂಬದ ಬಾಟಲಿಯನ್ನೂ ಅವನು ಒಂದು ಎಂದು ಎಣಿಸುತ್ತಾನೆ.

ಅವಳು ಓಡಿಹೋಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ಮಿಸ್‌ಗೆ ಅದನ್ನು ಹೇಳಿದಳು.

"ಚೆನ್ನಾಗಿದೆ," ಎಂದರು ಮಿಸ್. ಕೈಯಲ್ಲಿದ್ದ ಟಿಫಿನ್ ಡಬ್ಬಿ ಮುಚ್ಚಿದರು. "ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಈಗ ಹೋಗಿ ಅವನಿಗೆ ಎರಡೂ ಮುಕ್ಕಾಲು ಬರಿ ಅನ್ನು. ಫೋಮ್ ತೋರಿಸಬೇಡ. ಬರೀ ಬಾಯಲ್ಲಿ ಹೇಳು."

ವನಿತಾ ಹೇಳಿದಳು. ಜೀಷಾನ್ ಬರೆದ. ಒಂದು, ಅದರ ಪಕ್ಕ ಮೂರರ ಕೆಳಗೆ ನಾಲ್ಕು. ಒಂದೂ ಮುಕ್ಕಾಲು.

ನಾಲ್ಕೂ ಮುಕ್ಕಾಲು ಎಂದರೆ ಮೂರೂ ಮುಕ್ಕಾಲು ಬರೆದ.

ಹೇಳುವಾಗ ಒಂದು ಜಾಸ್ತಿ. ಬರೆಯುವಾಗ ಒಂದು ಕಮ್ಮಿ. ಹೀಗೂ ಒಬ್ಬ ಮನುಷ್ಯ ತಪ್ಪು ಮಾಡಲು ಸಾಧ್ಯವೇ?

"ಬೇಕಂತ ಮಾಡ್ತಿದ್ದೀಯಾ?" ಎಂದು ಕೇಳಿದಳು.

"ನೀನೇ ಹೇಳಿದ್ದು ಬರ್ದೆ. ಈಗ ಅದ್ಕೂ ಬೈತೀಯ," ಎಂದು ಜೀಷಾನ್ ಡಬ್ಬಿ ಎತ್ತಿಕೊಂಡು ಎದ್ದುಹೋದ.

ಬುಧವಾರ ಮಿಸ್ ಕೇಳಿದಾಗ ವನಿತಾ ಇಷ್ಟನ್ನೂ ಹೇಳಿದಳು.

"ಅವನು ಏನು ಮಾಡ್ತಾನೆ ಅಂತ ಹೇಳಿದೆ," ಎಂದರು ಮಿಸ್. "ಯಾಕೆ ಅಂತ ಹೇಳಲಿಲ್ಲ."

"ಅವನನ್ನೇ ಕೇಳಿದ್ರೆ ಹಂಗೇ ಬಂತು ಅಂತಾನೆ ಮಿಸ್. ನಾನಿನ್ನೇನ್ ಮಾಡ್ಲಿ?"

"ನನಗೂ ಅದನ್ನೇ ಅಂತಾನೆ. ಅದೇ ಪ್ರಶ್ನೆಯನ್ನ ಮತ್ತೆ ಮತ್ತೆ ಕೇಳಿದರೆ ಅದೇ ಉತ್ತರ ಬರುತ್ತೆ. ಬೇರೆ ಏನಾದರೂ ಕೇಳಬೇಕು. ಏನು ಅಂತ ನನಗೂ ಹೊಳೀತಿಲ್ಲ."

ಮಿಸ್‌ಗೂ ಹೊಳೆಯದ ವಿಷಯವನ್ನು ತನಗೆ ಕೊಟ್ಟಿದ್ದಾರೆ. ವನಿತಾ ನಮಸ್ಕಾರವನ್ನೂ ಮಾಡದೆ ವಾಪಸ್ಸು ಬಂದಳು.

ಗುರುವಾರ ಹನ್ನೊಂದೂವರೆಗೆ ಬೇರೆ ಶಾಲೆಗಳ ಟೀಚರ್‌ಗಳು ಬಂದು ಹಿಂದಿನ ಬೆಂಚುಗಳಲ್ಲಿ ಕೂತರು. ಅವರಲ್ಲಿ ಇಬ್ಬರು ಸಿಸ್ಟರ್‌ಗಳು. ಐದನೇ ತರಗತಿಯ ಬೆಂಚು ದೊಡ್ಡವರಿಗೆ ಸಾಲದು. ಎಲ್ಲರ ಮೊಣಕಾಲುಗಳೂ ಡೆಸ್ಕಿಗೆ ತಗುಲುತ್ತಿದ್ದವು. ಸಿಸ್ಟರ್ ಐರಿನ್ ಬಾಗಿಲ ಬಳಿ ನಿಂತರು.

ವನಿತಾ ಮತ್ತು ಜೀಷಾನ್ ಒಂದೇ ಬೆಂಚಿನಲ್ಲಿ, ಮಧ್ಯೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದರು. ಆ ಜಾಗದಲ್ಲಿ ಫೋಮಿನ ಚೀಲವಿತ್ತು.

ಫ್ಲೇವಿಯಾಳ ಕಡ್ಡಿ ಬಂತು. ಅವಳು ಸರಿಯಾಗಿ ಹೇಳಿದಳು. ಹೇಗೆ ಬಂತೆಂದು ನಿರಂಜನ್ ವಿವರಿಸಿದ. ವಿವರಿಸುವಾಗ ಒಂದು ಜೋಕನ್ನೂ ಹೊಡೆದ. ಹಿಂದೆ ಕೂತವರು ನಕ್ಕರು. ಆ ಜಾಗದಲ್ಲಿ ತಾನಿರಬೇಕಿತ್ತು, ಎಂದುಕೊಂಡಳು ವನಿತಾ.

ಮಿಸ್ ಮೇಜಿನ ಮೇಲೆ ಮೂರು ಬಾಟಲಿ ಇಟ್ಟರು. ಎರಡು ಪೂರ್ತಿ ತುಂಬಿದ್ದವು. ಮೂರನೆಯದರಲ್ಲಿ ನೀರು ಮೂರನೇ ಗೆರೆಗೆ ನಿಂತಿತ್ತು. ಮತ್ತೆ ಕಡ್ಡಿಗಳ ಬಾಟಲಿಗೆ ಕೈ ಹಾಕಿದರು.

ಬೇಡ, ಬೇಡ, ಬೇಡ.

"ಜೀಷಾನ್."

ಅವನು ಎದ್ದ. ವನಿತಾ ಡೆಸ್ಕಿನ ಕೆಳಗೆ ಎರಡು ಬೆರಳು ತೋರಿಸಿದಳು. ಎರಡೂ ಮುಕ್ಕಾಲು, ಎರಡು, ಎರಡು. ಅವನು ನೋಡಲಿಲ್ಲ. ಬಾಟಲಿಗಳನ್ನೇ ನೋಡುತ್ತಿದ್ದ. ತುಟಿ ಅಲುಗಿತು.

"ಮೂರೂ ಮುಕ್ಕಾಲು ಮಿಸ್."

ಹಿಂದೆ ಯಾರೋ ಕೆಮ್ಮಿದರು. ಕೆಲವು ಮಕ್ಕಳು ನಕ್ಕರು. ವನಿತಾ ಕಣ್ಣು ಮುಚ್ಚಿಕೊಂಡಳು.

"ಸರಿ," ಎಂದರು ಮಿಸ್. "ವನಿತಾ, ಅದು ಹೇಗೆ ಬಂತು ಅಂತ ಜೀಷಾನ್‌ನ ಕೇಳಿ ತಿಳಿದುಕೊಂಡು ನಮಗೆಲ್ಲ ಹೇಳು."

ವನಿತಾ ಎದ್ದು ನಿಂತಳು. ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಗಂಟೆ ಹೊಡೆಯಿತು.

ಅದು ಹನ್ನೆರಡರ ಗಂಟೆ. ಆ ಶಾಲೆಯಲ್ಲಿ ಹನ್ನೆರಡಕ್ಕೆ ಎಲ್ಲವೂ ನಿಲ್ಲುತ್ತದೆ. ಲೆಕ್ಕ ಅರ್ಧದಲ್ಲಿರಲಿ, ಬೈಗುಳ ಅರ್ಧದಲ್ಲಿರಲಿ, ಎದ್ದು ನಿಂತು ಪ್ರಾರ್ಥನೆ ಮಾಡಬೇಕು. ಎಲ್ಲರೂ ಎದ್ದರು. ಬೆಂಚುಗಳು ಕಿರುಗುಟ್ಟಿದವು. ಫ್ಲೇವಿಯಾ ಶಿಲುಬೆಯ ಗುರುತು ಹಾಕಿಕೊಂಡಳು. ಸಿಸ್ಟರ್ ಐರಿನ್ ಮೆಲುದನಿಯಲ್ಲಿ ಮಂತ್ರ ಹೇಳಿದರು. ಮಿಕ್ಕವರು ತಮ್ಮ ತಮ್ಮ ದೇವರನ್ನು ಸುಮ್ಮನೆ ನೆನೆಯಬೇಕೆಂದು ಅಲ್ಲಿನ ರೂಢಿ.

ವನಿತಾ ಕೈ ಮುಗಿದಳು. ದೇವರು ನೆನಪಾಗಲಿಲ್ಲ. ಕಣ್ಣೆದುರಿಗೆ ಗೋಡೆ ಗಡಿಯಾರವಿತ್ತು. ಎರಡು ಮುಳ್ಳೂ ಹನ್ನೆರಡರ ಮೇಲೆ ಒಂದರ ಮೇಲೊಂದು ನಿಂತಿದ್ದವು.

ಮೂರೂ ಮುಕ್ಕಾಲು. ಈ ಮಾತನ್ನು ಅವನ ಬಾಯಲ್ಲಿ ಸೋಮವಾರವೂ ಕೇಳಿದ್ದಳು. ಅವತ್ತು ಇಬ್ಬರೂ ಅದೇ ಮಾತನ್ನು ಎಷ್ಟು ಸಲ ಹೇಳಿದ್ದರು. ಬೇರೆ ಏನನ್ನೂ ಕೇಳಿರಲಿಲ್ಲ. ಇಬ್ಬರೂ ಮೂರೂ ಮುಕ್ಕಾಲಿಗೇ ಬಂದಿದ್ದರೆ ಮಧ್ಯ ಗೋಡೆ ಇತ್ತಾ, ಎಂದಿದ್ದ ನಿರಂಜನ್.

ಪ್ರಾರ್ಥನೆ ಮುಗಿಯಿತು. ಎಲ್ಲರೂ ಕೂತರು. ವನಿತಾ, ಜೀಷಾನ್ ಇಬ್ಬರೇ ನಿಂತಿದ್ದರು.

"ಶನಿವಾರ ಗೇಟ್ ಹತ್ರ ಬಂದಾಗ ನಿನ್ ವಾಚಲ್ಲಿ ಏನಿತ್ತು?" ಎಂದು ಕೇಳಿದಳು ವನಿತಾ.

ಜೀಷಾನ್ ತಬ್ಬಿಬ್ಬಾದ. "ಏ, ಅದ್ನ ಯಾಕೀಗ ತೆಗೀತೀಯ?"

"ನಂಬರ್ ಹೇಳು. ವಾಚಲ್ಲಿ ಕಾಣ್ಸಿದ ನಂಬರ್."

"ಟೂ ಫಾರ್ಟಿಫೈವ್."

"ನಾನು ಬಂದಿದ್ದು ತ್ರೀ ಫಾರ್ಟಿಫೈವ್‌ಗೆ."

"ನೀನ್ ಮೂರೂ ಮುಕ್ಕಾಲು ಅಂದಿದ್ದೆ," ಎಂದ ಜೀಷಾನ್.

"ಹೂಂ. ಅದೇ ತ್ರೀ ಫಾರ್ಟಿಫೈವ್."

"ಅದೆಂಗೆ? ಮೂರೂ ಮುಕ್ಕಾಲು ಅಂದ್ರೆ ಪೌನೇ ತೀನ್ ಅಲ್ವಾ?"

ಸರಳಾ ಮಿಸ್ ಕೈಯಲ್ಲಿದ್ದ ಕಡ್ಡಿಯನ್ನು ಮೇಜಿನ ಮೇಲಿಡುವುದನ್ನೂ ಮರೆತು ನಿಂತಿದ್ದರು.

"ಪೌನೇ ತೀನ್ ಅಂದ್ರೆ ಏನು? ಇದ್ರಲ್ಲಿ ತೋರ್ಸು," ಎಂದು ವನಿತಾ ಫೋಮಿನ ಚೀಲವನ್ನು ಅವನ ಕಡೆ ತಳ್ಳಿದಳು.

ಜೀಷಾನ್ ಮೂರು ಉದ್ದ ತುಂಡುಗಳನ್ನು ಡೆಸ್ಕಿನ ಮೇಲೆ ಸಾಲಾಗಿ ಇಟ್ಟ. ಮೂರನೆಯದರ ತುದಿಯಲ್ಲಿ ಕಾಲು ಭಾಗವನ್ನು ಬೆರಳಿನಿಂದ ಹಿಂದಕ್ಕೆ ಮಡಚಿ ಹಿಡಿದ.

"ತೀನ್ ಅಂದ್ರೆ ಮೂರು. ಪೌನೇ ತೀನ್ ಅಂದ್ರೆ, ಮೂರಾಗೋಕೆ ಕಾಲು ಕಮ್ಮಿ. ಇಷ್ಟು."

ವನಿತಾ ತನ್ನ ಪಾಲಿನ ತುಂಡುಗಳನ್ನು ಅದರ ಕೆಳಗೆ ಜೋಡಿಸಿದಳು. ಮೂರು ಉದ್ದ ತುಂಡು, ಅದರ ಮುಂದೆ ಮೂರು ಕಾಲು ತುಂಡು.

"ಕನ್ನಡದಲ್ಲಿ ಮೂರೂ ಮುಕ್ಕಾಲು ಅಂದ್ರೆ ಇಷ್ಟು. ಮೂರು ಆಗೋಯ್ತು, ಮೇಲೆ ಮುಕ್ಕಾಲು."

ಜೀಷಾನ್ ಎರಡನ್ನೂ ನೋಡಿದ. ಮೇಲಿನ ಸಾಲು ಗಿಡ್ಡ, ಕೆಳಗಿನ ಸಾಲು ಉದ್ದ.

"ಹಂಗಾದ್ರೆ ಶನಿವಾರ ನಾನು ಒಂದ್ ಗಂಟೆ ಮುಂಚೆ ಬಂದ್ನಾ?"

"ನಾನ್ ಬರೋಷ್ಟ್ರಲ್ಲಿ ನೀನ್ ಹೋಗಾಗಿತ್ತು."

"ಅಯ್ಯೋ ಮಚ್ಚಾ," ಎಂದ ಹಿಂದಿನಿಂದ ನಿರಂಜನ್. ಈ ಸಲ ಅವನ ದನಿಯಲ್ಲಿ ಗೇಲಿ ಇರಲಿಲ್ಲ.

ವನಿತಾ ಮಿಸ್ ಕಡೆ ತಿರುಗಿದಳು. "ಮಿಸ್, ಇವ್ನು ತಲೇಲಿ ಉರ್ದುನಲ್ಲಿ ಲೆಕ್ಕ ಮಾಡ್ತಾನೆ. ಆಮೇಲೆ ಕನ್ನಡದಲ್ಲಿ ಹೇಳ್ತಾನೆ. ಕಾಲು, ಅರ್ಧ ಎರಡೂ ಭಾಷೇಲಿ ಒಂದೇ ಥರ. ಮುಕ್ಕಾಲು ಮಾತ್ರ ಬೇರೆ. ನಾವು ದಾಟಿದ ನಂಬರ್ ಹೇಳ್ತೀವಿ, ಅವ್ರು ಬರೋ ನಂಬರ್ ಹೇಳ್ತಾರೆ. ಅದ್ಕೇ ಹೇಳೋವಾಗ ಒಂದ್ ಜಾಸ್ತಿ, ಬರೆಯೋವಾಗ ಒಂದ್ ಕಮ್ಮಿ."

ಮಿಸ್ ನಿಧಾನವಾಗಿ ತಲೆಯಾಡಿಸಿದರು. ಚಾರ್ಟಿನ ಕಡೆ ಒಮ್ಮೆ ನೋಡಿದರು. ನಂತರ ತರಗತಿಗೆ ಕೇಳಿದರು: "ಹಾಗಾದರೆ ಜೀಷಾನ್ ಮಾಡಿದ ಲೆಕ್ಕ ಸರಿಯೋ ತಪ್ಪೋ?"

ವನಿತಾಳಿಗೆ ಉತ್ತರ ಗೊತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಕೂತು, ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಕಾದಳು. ಕಾಯುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ಮಿಸ್ ಇದನ್ನು ದಿನವೂ ಮಾಡುತ್ತಿದ್ದರು.

ಜೀಷಾನ್ ಬಾಟಲಿಗಳನ್ನು ನೋಡಿದ. ಫೋಮ್ ನೋಡಿದ.

"ಲೆಕ್ಕ ಸರಿ ಮಿಸ್," ಎಂದ. "ಹೆಸರು ತಪ್ಪು."

ಹಿಂದಿನ ಬೆಂಚಿನಲ್ಲಿ ಯಶವಂತಪುರದ ಸಿಸ್ಟರ್ ಪಕ್ಕದವರ ಕಡೆ ಬಾಗಿ, "ನಮ್ಮಲ್ಲೂ ಇಬ್ಬರಿದ್ದಾರೆ. ನಾಳೆನೇ ಕೇಳಬೇಕು," ಎಂದದ್ದು ಎಲ್ಲರಿಗೂ ಕೇಳಿಸಿತು.

ಪಾಠ ಮುಗಿದ ಮೇಲೆ ನಾಗಸಂದ್ರದ ಟೀಚರ್ ಬಂದು ಫೋಮಿನ ತುಂಡುಗಳನ್ನು ಒತ್ತಿ ನೋಡಿ, ತಮ್ಮ ಶಾಲೆಗೂ ಇಂಥದೊಂದು ಸೆಟ್ ಮಾಡಿಕೊಡುತ್ತೀರಾ ಎಂದು ಕೇಳಿದರು. ಜೀಷಾನ್, "ಅಬ್ಬಾನ ಕೇಳಿ ತರ್ತೀನಿ ಮಿಸ್," ಎಂದ.

ಎಲ್ಲರೂ ಹೋದ ಮೇಲೆ ಸರಳಾ ಮಿಸ್ ಬಾಟಲಿಗಳ ನೀರನ್ನು ಕಿಟಕಿಯಾಚೆಯ ಗಿಡಗಳಿಗೆ ಸುರಿಯುತ್ತಾ ವನಿತಾಳನ್ನು ಕರೆದರು.

"ಏನು ಅಂತನೂ ಹೇಳಿದೆ, ಯಾಕೆ ಅಂತನೂ ಹೇಳಿದೆ. ಕೊಟ್ಟ ಮಾತು ಉಳಿಸಿಕೊಳ್ತೀನಿ. ನಾಳೆಯಿಂದ ಫ್ಲೇವಿಯಾ ಪಕ್ಕ ಕೂರು."

ವನಿತಾ ಫ್ಲೇವಿಯಾಳ ಬೆಂಚಿನ ಕಡೆ ನೋಡಿದಳು. ಅಲ್ಲಿ ನಿರಂಜನ್ ಏನೋ ಹೇಳುತ್ತಿದ್ದ, ಫ್ಲೇವಿಯಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ತನ್ನ ಬೆಂಚಿನಲ್ಲಿ ಜೀಷಾನ್ ಫೋಮಿನ ತುಂಡುಗಳನ್ನು ಚೀಲಕ್ಕೆ ತುಂಬುತ್ತಿದ್ದ. ಉದ್ದ ತುಂಡು ಬೇರೆ, ಕಾಲು ತುಂಡು ಬೇರೆ.

ಓದಲ್ಲ, ಅದಕ್ಕೆ. ತಾನು ಹೇಳಿದ್ದ ಮಾತು ಅವಳಿಗೆ ನೆನಪಾಯಿತು.

"ಆ ಸೆಟ್ ಮಾಡ್ಬೇಕಲ್ಲ ಮಿಸ್," ಎಂದಳು. "ಇಲ್ಲೇ ಇರ್ತೀನಿ."

ಮಿಸ್ ಇನ್ನೊಂದು ಬಾಟಲಿಯ ಮುಚ್ಚಳ ತೆಗೆದರು.

ವನಿತಾ ಬೆಂಚಿಗೆ ಬಂದು ಚೀಲದ ಇನ್ನೊಂದು ಕಿವಿ ಹಿಡಿದುಕೊಂಡಳು.

"ಶನಿವಾರ ಬರ್ತೀಯಾ? ಪೌನೇ..." ಎಂದು ತಡವರಿಸಿದಳು. ನಾಲ್ಕಕ್ಕೆ ಏನೆನ್ನುತ್ತಾರೆ? "ಪೌನೇ ಚಾರ್‌ಗೆ."

"ಮೂರೂ ಮುಕ್ಕಾಲಿಗೆ ತಾನೆ?" ಎಂದ ಜೀಷಾನ್. "ಬರ್ತೀನಿ. ನೀನ್ ಲೇಟ್ ಮಾಡ್ಬೇಡ."

ಶನಿವಾರ ವನಿತಾ ಗೇಟಿನ ಬಳಿ ಬಂದಾಗ ಮುನಿಗಂಗಪ್ಪ ಗೂಡಿನಿಂದ ತಲೆ ಹೊರಗೆ ಹಾಕಿ, "ಈಗ್ಲೇ ಬಂದ ಕಣವ್ವ, ಇನ್ನೂ ಓಗಿಲ್ಲ," ಎಂದರು. ಜೀಷಾನ್ ಕಲ್ಲುಬೆಂಚಿನ ಮೇಲೆ ಕೂತಿದ್ದ. ಅವನ ವಾಚಿನಲ್ಲಿ ಆಗ 3:45 ಆಗಿತ್ತು.